ಬರ್ಲಿನ್ ನಗರವನ್ನು ಕೇರಿ ಕೇರಿಯಾಗಿ ಅರಿಯುವ ಬಗೆ: ನೋಡಲು ಬಂದವರಿಗೂ ನೆಲೆಸಲು ಬಂದವರಿಗೂ ಒಂದು ಕೈಪಿಡಿ

ಬರ್ಲಿನ್‌ಗೆ ಮೊದಲ ಬಾರಿ ಬಂದಿಳಿದವರು ನಕಾಶೆ ಬಿಚ್ಚಿ ನಗರದ ನಡುಭಾಗ ಯಾವುದೆಂದು ಹುಡುಕುತ್ತಾರೆ. ಹಾಗೆ ಹುಡುಕಿದರೆ ಅದು ಸಿಗುವುದಿಲ್ಲ. 1920ರಲ್ಲಿ ಒಂದು ಕಾಯ್ದೆಯ ಮೂಲಕ ಹಳೆಯ ಬರ್ಲಿನ್‌ಗೆ ಸುತ್ತಲಿನ 7 ಪಟ್ಟಣಗಳನ್ನೂ 59 ಹಳ್ಳಿಗಳನ್ನೂ ಕೂಡಿಸಿ ಈಗಿನ ನಗರವನ್ನು ರೂಪಿಸಲಾಯಿತು. ಶಾರ್ಲೊಟೆನ್‌ಬುರ್ಗ್, ಶ್ಪಾಂಡಾವ್, ಕೋಪೆನಿಕ್ ಮೊದಲಾದವು ಅಲ್ಲಿಯವರೆಗೆ ತಮ್ಮದೇ ಪುರಭವನ, ತಮ್ಮದೇ ಮಾರುಕಟ್ಟೆ ಇದ್ದ ಬೇರೆ ಬೇರೆ ಊರುಗಳು. ಆ ಬಳಿಕ 1961ರಿಂದ 1989ರವರೆಗೆ ಗೋಡೆಯೊಂದು ನಗರವನ್ನು ಇಬ್ಭಾಗ ಮಾಡಿದಾಗ ಎರಡು ಕಡೆಯವರೂ ತಮಗೆ ಬೇಕಾದುದನ್ನೆಲ್ಲ ತಾವೇ ಕಟ್ಟಿಕೊಂಡರು. ಪಶ್ಚಿಮದಲ್ಲಿ ಹಳೆಯ ಮೃಗಾಲಯವಿದ್ದುದರಿಂದ ಪೂರ್ವದವರು 1955ರಷ್ಟು ಹಿಂದೆಯೇ ಇನ್ನೊಂದನ್ನು ತೆರೆದಿದ್ದರು, ಎರಡೂ ಇಂದಿಗೂ ನಡೆಯುತ್ತಿವೆ. ಹೀಗಾಗಿ 891 ಚದರ ಕಿಲೋಮೀಟರ್ ಹರಡಿರುವ, 12 ಜಿಲ್ಲೆಗಳಾಗಿ ಹಂಚಿಹೋಗಿರುವ ಈ ನಗರವನ್ನು ಪ್ರಸಿದ್ಧ ಸ್ಥಳಗಳ ಪಟ್ಟಿ ಹಿಡಿದು ಓಡಾಡಿ ನೋಡಿದವರಿಗೆ ಸುರಂಗ ರೈಲಿನ ನೆನಪೇ ಹೆಚ್ಚು ಉಳಿಯುತ್ತದೆ.

ಅಲ್ಲಿಯ ಜನ ತಮ್ಮ ಮನೆಯ ಸುತ್ತಲಿನ ನಾಲ್ಕಾರು ಬೀದಿಗಳ ಕೇರಿಯನ್ನು ‘ಕೀಟ್ಸ್’ ಎಂದು ಕರೆಯುತ್ತಾರೆ. ದಿನಕ್ಕೊಂದು ಕೀಟ್ಸ್ ಎಂದು ಗೊತ್ತುಮಾಡಿಕೊಂಡು, ಅದರೊಳಗಿನ ಅಥವಾ ಅದಕ್ಕೆ ಹತ್ತಿರದ ಒಂದೆರಡು ಮುಖ್ಯ ಸ್ಥಳಗಳನ್ನು ಮಾತ್ರ ನೋಡಿ, ಉಳಿದ ಹೊತ್ತನ್ನು ಆ ಬೀದಿಗಳಲ್ಲಿ ನಡೆದಾಡುವುದಕ್ಕೆ ಬಿಡುವುದೇ ನಾನು ಕೊಡಬಹುದಾದ ಮೊದಲ ಮತ್ತು ಮುಖ್ಯ ಸಲಹೆ. ನಾಲ್ಕು ದಿನ ಇರುವವರು ನಾಲ್ಕು ಕೇರಿಗಳನ್ನು ನೋಡಲಿ. ನಾಲ್ಕು ವರ್ಷ ಇರುವವರು ಇದೇ ಕ್ರಮವನ್ನು ವಾರಾಂತ್ಯಗಳಲ್ಲಿ ಮುಂದುವರಿಸಲಿ. ಕೆಲಸಕ್ಕೆಂದು ಬಂದು ನೆಲೆಸಿದವರಲ್ಲಿ ಅನೇಕರು ಮನೆ, ಕಚೇರಿ, ದಿನಸಿ ಅಂಗಡಿ ಈ ಮೂರರ ನಡುವೆಯೇ ಸುತ್ತುತ್ತಾ ಇಡೀ ನಗರವನ್ನು ಕಾಣದೆ ಉಳಿದುಬಿಡುತ್ತಾರೆ.

ಸಂಚಾರದ ಲೆಕ್ಕಾಚಾರ

ನಗರದ ಒಳಭಾಗವನ್ನು ಸುತ್ತುವರಿದು 37 ಕಿಲೋಮೀಟರ್ ಉದ್ದದ ಒಂದು ರೈಲು ವರ್ತುಲವಿದೆ. ಅದರ ಮೇಲೆ ಎಸ್ 41 ರೈಲು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೂ, ಎಸ್ 42 ಅದಕ್ಕೆ ಎದುರು ದಿಕ್ಕಿನಲ್ಲಿಯೂ ಓಡುತ್ತವೆ. ಒಂದು ಸುತ್ತಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬಂದ ಮೊದಲ ದಿನ ಪ್ರಯಾಣದ ದಣಿವಿನಲ್ಲಿ ಕಾಲೆಳೆಯುತ್ತಾ ಅಲೆಯುವ ಬದಲು ಕಿಟಕಿಯ ಪಕ್ಕ ಕುಳಿತು ಈ ವರ್ತುಲವನ್ನು ಒಮ್ಮೆ ಪೂರ್ತಿ ಸುತ್ತಿ ಬರುವುದು ಒಳ್ಳೆಯದು. ಕಾರ್ಖಾನೆ, ಕಾಲುವೆ, ಕೈತೋಟದ ಗುಡಿಸಲುಗಳು, ಐದಂತಸ್ತಿನ ಹಳೆಯ ಮನೆಗಳ ಸಾಲು ಒಂದರ ಹಿಂದೊಂದು ಕಣ್ಣಮುಂದೆ ಸಾಗಿ, ಯಾವುದು ಎಲ್ಲಿದೆ ಎಂಬುದು ಮನಸ್ಸಿನಲ್ಲಿ ಕುಳಿತುಕೊಳ್ಳುತ್ತದೆ. ವರ್ತುಲದ ಒಳಗಿನದು ‘ಎ’ ವಲಯ, ಅಲ್ಲಿಂದ ನಗರದ ಗಡಿಯವರೆಗೆ ‘ಬಿ’, ಅದರಾಚೆಗಿನದು ‘ಸಿ’. ವಿಮಾನ ನಿಲ್ದಾಣವೂ ಪೋಟ್ಸ್‌ಡಾಮ್ ನಗರವೂ ‘ಸಿ’ ವಲಯದಲ್ಲಿರುವುದರಿಂದ ಅಲ್ಲಿಗೆ ಹೋಗಿಬರಲು ಮೂರೂ ವಲಯಗಳ ಟಿಕೆಟ್ ಬೇಕು. ಉಳಿದಂತೆ ‘ಎ-ಬಿ’ ಟಿಕೆಟ್ಟೇ ಸಾಕು. ಒಂದೇ ಟಿಕೆಟ್ಟಿನಲ್ಲಿ ಭೂಗತ ಊ-ಬಾನ್, ಮೇಲಿನ ಎಸ್-ಬಾನ್, ಟ್ರಾಮ್, ಬಸ್ ಎಲ್ಲವನ್ನೂ ಹತ್ತಬಹುದು.

ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ. ಯಾರೂ ಕೇಳುವುದಿಲ್ಲವೆಂದು ಹಾಗೆಯೇ ಹತ್ತಿದವರ ಎದುರು ಸಾದಾ ಉಡುಪಿನ ತಪಾಸಕರು ಬಂದು ನಿಂತರೆ 60 ಯೂರೊ ದಂಡ ಕಟ್ಟಲೇಬೇಕು. ಯಂತ್ರದಿಂದ ಪಡೆದ ಕಾಗದದ ಟಿಕೆಟ್ಟಿಗೆ ರೈಲು ಹತ್ತುವ ಮುನ್ನ ಪ್ಲಾಟ್‌ಫಾರಂನಲ್ಲಿರುವ ಚಿಕ್ಕ ಪೆಟ್ಟಿಗೆಯಲ್ಲಿ ಸಮಯದ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆ, ಹೊಸಬನೆಂಬ ಕಾರಣ ನಡೆಯುವುದಿಲ್ಲ. ಒಂಟಿ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಆದರೆ ಒಂದೇ ದಿಕ್ಕಿಗೆ. ಅದರಲ್ಲಿಯೇ ಮರಳಿ ಬರುವಂತಿಲ್ಲ. ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಇರುವವರಿಗೆ ಜರ್ಮನಿಯಾದ್ಯಂತ ಸ್ಥಳೀಯ ಸಾರಿಗೆಯಲ್ಲಿ ನಡೆಯುವ ‘ಡಾಯ್ಚ್‌ಲಾಂಡ್‌ಟಿಕೆಟ್’ ಲಾಭಕರ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾದ ಅದರ ದರ 2026ರ ಜನವರಿಯಿಂದ 63 ಯೂರೊ ಆಗಿದೆ. ಅದು ತಾನಾಗಿಯೇ ಮುಂದುವರಿಯುವ ಚಂದಾ ಆಗಿರುವುದರಿಂದ, ಊರು ಬಿಡುವ ತಿಂಗಳಿನ 10ನೇ ತಾರೀಖಿನೊಳಗೆ ರದ್ದುಪಡಿಸುವುದನ್ನು ಮರೆಯಬಾರದು.

ಟ್ರಾಮಿನ ಹಳಿಗಳನ್ನು ಸ್ವಲ್ಪ ಗಮನಿಸಿ ನೋಡಿ. ಪೂರ್ವದ ಕೇರಿಗಳಲ್ಲಿ ಅವು ಎಲ್ಲೆಲ್ಲೂ ಇವೆ, ಪಶ್ಚಿಮದಲ್ಲಿ ಅಪರೂಪ. ಪಶ್ಚಿಮ ಬರ್ಲಿನ್ 1967ರಲ್ಲಿ ತನ್ನ ಕೊನೆಯ ಟ್ರಾಮನ್ನು ನಿಲ್ಲಿಸಿತು, ಪೂರ್ವದವರು ಉಳಿಸಿಕೊಂಡರು. ಗೋಡೆ ಬಿದ್ದು ಮೂರು ದಶಕಗಳು ಕಳೆದರೂ ನಾವು ಯಾವ ಭಾಗದಲ್ಲಿ ನಿಂತಿದ್ದೇವೆ ಎಂಬುದನ್ನು ಬಹುಪಾಲು ಕಡೆ ಈ ಹಳಿಗಳೇ ತಿಳಿಸುತ್ತವೆ. ಮುಖ್ಯ ಕಟ್ಟಡಗಳನ್ನು ಒಮ್ಮೆ ಹೊರಗಿನಿಂದ ನೋಡಿಬಿಡಬೇಕೆನ್ನುವವರಿಗೆ ಪ್ರವಾಸಿ ಬಸ್ಸಿನ ಅಗತ್ಯವಿಲ್ಲ. ಪಶ್ಚಿಮದ ಮೃಗಾಲಯದ ನಿಲ್ದಾಣದಿಂದ ಪೂರ್ವದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ಹೋಗುವ 100ನೇ ಸಂಖ್ಯೆಯ ಸಾಮಾನ್ಯ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತರೆ ಟೀರ್‌ಗಾರ್ಟನ್ ಉದ್ಯಾನ, ಸಂಸತ್ ಭವನದ ಆವರಣ, ಊಂಟರ್ ಡೆನ್ ಲಿಂಡೆನ್ ರಾಜಬೀದಿ ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ಗೋಡೆಯನ್ನು ನೋಡುವುದು ಹೇಗೆ

ಗೋಡೆ ಎಂದೊಡನೆ ಜನ ಚೆಕ್‌ಪಾಯಿಂಟ್ ಚಾರ್ಲಿಯತ್ತ ನಡೆಯುತ್ತಾರೆ. ಅಲ್ಲಿರುವ ಕಾವಲು ಕೋಣೆ ಮೂಲದ್ದಲ್ಲ, ನಂತರ ಮಾಡಿಟ್ಟ ಪ್ರತಿಕೃತಿ; ಸುತ್ತಲೂ ಸ್ಮರಣಿಕೆ ಅಂಗಡಿಗಳ ಸಂತೆ. ಸಮಯ ಕಡಿಮೆ ಇರುವವರು ಅದನ್ನು ಬಿಟ್ಟು ಬೆರ್ನಾವರ್ ಶ್ಟ್ರಾಸೆ ಎಂಬ ಬೀದಿಗೆ ಹೋಗಬೇಕು, ಅರ್ಧ ದಿನವನ್ನು ಅದಕ್ಕೇ ಮೀಸಲಿಡಬೇಕು.

ನೋರ್ಡ್‌ಬಾನ್‌ಹೋಫ್ ನಿಲ್ದಾಣದಲ್ಲಿ ಇಳಿದು ಅಲ್ಲಿಂದಲೇ ಆರಂಭಿಸಿ. ನಗರ ಇಬ್ಭಾಗವಾಗಿದ್ದಾಗ ಪಶ್ಚಿಮದ ಕೆಲವು ರೈಲುಗಳು ಪೂರ್ವದ ನೆಲದಡಿಯಿಂದ ಹಾದುಹೋಗಬೇಕಿತ್ತು. ಅಲ್ಲಿಯ ನಿಲ್ದಾಣಗಳನ್ನು ಮುಚ್ಚಿ, ಮಂದ ಬೆಳಕಿನಲ್ಲಿ ಕಾವಲುಗಾರರನ್ನು ನಿಲ್ಲಿಸಿ, ರೈಲುಗಳನ್ನು ನಿಲ್ಲಿಸದೆ ಸಾಗಹಾಕುತ್ತಿದ್ದರು. ಆ ‘ದೆವ್ವದ ನಿಲ್ದಾಣ’ಗಳಲ್ಲಿ ಇದೂ ಒಂದು, ಅದರ ಕಥೆಯನ್ನು ಹೇಳುವ ಪ್ರದರ್ಶನ ನಿಲ್ದಾಣದೊಳಗೇ ಇದೆ. ಮೇಲೆ ಬಂದರೆ ಬೀದಿಯುದ್ದಕ್ಕೂ ಸುಮಾರು 1.4 ಕಿಲೋಮೀಟರ್ ಬಯಲು ಸ್ಮಾರಕ ಹರಡಿಕೊಂಡಿದೆ, ಪ್ರವೇಶ ಉಚಿತ. ಗೋಡೆಯ ಕಾಂಕ್ರೀಟ್ ಇಲ್ಲವಾದ ಕಡೆ ತುಕ್ಕುಬಣ್ಣದ ಉಕ್ಕಿನ ಸಲಾಕೆಗಳನ್ನು ಸಾಲಾಗಿ ನೆಟ್ಟಿದ್ದಾರೆ. ಓರೆಯಾಗಿ ನಿಂತು ನೋಡಿದರೆ ಅವು ಒಂದಕ್ಕೊಂದು ಅಂಟಿ ಗೋಡೆಯಂತೆಯೇ ಕಾಣುತ್ತವೆ, ಎದುರಿಗೆ ಬಂದಾಗ ನಡುವೆ ನಡೆದುಹೋಗುವಷ್ಟು ಜಾಗ ಬಿಟ್ಟುಕೊಡುತ್ತವೆ.

ಈ ಬೀದಿಯ ವಿಶೇಷವೇನೆಂದರೆ ಇಲ್ಲಿ ಮನೆಗಳ ಮುಂಗೋಡೆಯೇ ಗಡಿಯಾಗಿತ್ತು. ಮನೆ ಪೂರ್ವಕ್ಕೆ ಸೇರಿದ್ದು, ಬಾಗಿಲಾಚೆಯ ಕಾಲುದಾರಿ ಪಶ್ಚಿಮಕ್ಕೆ ಸೇರಿದ್ದು. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದ ಮೇಲೆ ಜನರು ಕಿಟಕಿಗಳಿಂದ ಕೆಳಗೆ ಧುಮುಕಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತಿದ್ದರು. ಕ್ರಮೇಣ ಬಾಗಿಲು ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿ, ನಿವಾಸಿಗಳನ್ನು ಎಬ್ಬಿಸಿ, ಕೊನೆಗೆ ಮನೆಗಳನ್ನೇ ಕೆಡವಿದರು. ನೆಲದಡಿಯಲ್ಲಿ ಸುರಂಗ ತೋಡಿದವರೂ ಇದ್ದರು. 1964ರ ಅಕ್ಟೋಬರಿನಲ್ಲಿ ಒಂದೇ ಸುರಂಗದಿಂದ 57 ಜನ ಪಾರಾದರು. ಹಾಗೆ ಪಾರಾಗದೆ ಗೋಡೆಯ ಬಳಿ ಪ್ರಾಣ ಕಳೆದುಕೊಂಡವರು ಕನಿಷ್ಠ 140 ಜನ. ಅವರ ಭಾವಚಿತ್ರಗಳನ್ನು ಬಯಲಿನ ನಡುವೆ ಗೂಡುಗಳಂಥ ಚೌಕಟ್ಟುಗಳಲ್ಲಿ ಇರಿಸಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಮುಂದೆ ನಡೆದರೆ ಕಾವಲುಪಟ್ಟಿಯ ನಡುವೆ ಸಿಕ್ಕಿಕೊಂಡಿದ್ದ ಒಂದು ಇಗರ್ಜಿಯ ಜಾಗ ಬರುತ್ತದೆ. ಅದನ್ನು 1985ರ ಜನವರಿಯಲ್ಲಿ ಸ್ಫೋಟಿಸಿ ಉರುಳಿಸಿದರು. 2000ದಲ್ಲಿ ಅದೇ ಜಾಗದಲ್ಲಿ, ಹಳೆಯ ಕಟ್ಟಡದ ಪುಡಿಯನ್ನೇ ಮಣ್ಣಿಗೆ ಬೆರೆಸಿ, ಹದವಾಗಿ ತುಳಿದು ಎಬ್ಬಿಸಿದ ಅಂಡಾಕಾರದ ಒಂದು ಪ್ರಾರ್ಥನಾಲಯ ಕಟ್ಟಿದ್ದಾರೆ; ಅದರ ಗೋಡೆಗೆ ಹತ್ತಿರ ಹೋಗಿ ನೋಡಿದರೆ ಇಟ್ಟಿಗೆ ಚೂರುಗಳು, ಗಾಜಿನ ಮಿಣುಕುಗಳು ಕಾಣುತ್ತವೆ. ಎದುರಿನ ಮಾಹಿತಿ ಕೇಂದ್ರದ ವೀಕ್ಷಣಾ ಗೋಪುರವನ್ನು ಕೊನೆಯಲ್ಲಿ ಹತ್ತಿ. ಕೆಳಗೆ ನಡೆದು ಬಂದ ಮೇಲೆ ಮೇಲಿನಿಂದ ನೋಡಿದಾಗಲೇ ಎರಡು ಗೋಡೆಗಳ ನಡುವಿನ ಆ ಬರಿದಾದ ಪಟ್ಟಿಯ ಅಗಲ ಎಷ್ಟಿತ್ತೆಂಬುದು ಅರ್ಥವಾಗುತ್ತದೆ.

ಬಣ್ಣಬಣ್ಣದ ಚಿತ್ರಗಳಿರುವ ಈಸ್ಟ್ ಸೈಡ್ ಗ್ಯಾಲರಿ ಬೇರೆಯದೇ ಅನುಭವ. 1990ರಲ್ಲಿ 21 ದೇಶಗಳ ಕಲಾವಿದರು ಗೋಡೆಯ 1.3 ಕಿಲೋಮೀಟರ್ ಉದ್ದದ ತುಂಡಿನ ಮೇಲೆ ಬಿಡಿಸಿದ ಚಿತ್ರಗಳಿವು. ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಬೆಳಿಗ್ಗೆ ಬೇಗ ಹೋಗಿ, ಓಬರ್‌ಬಾವ್ಮ್ ಸೇತುವೆ ದಾಟಿ ಕ್ರಾಯ್ಟ್ಸ್‌ಬೆರ್ಗ್ ಸೇರಿ ಅಲ್ಲಿ ತಿಂಡಿ ತಿನ್ನಬಹುದು. ಫ್ರೀಡ್ರಿಶ್‌ಶ್ಟ್ರಾಸೆ ನಿಲ್ದಾಣದ ಪಕ್ಕದ ‘ಟ್ರೇನನ್‌ಪಲಾಸ್ಟ್’, ಅಂದರೆ ಕಣ್ಣೀರಿನ ಅರಮನೆ, ಪಶ್ಚಿಮದಿಂದ ಬಂದ ನೆಂಟರನ್ನು ಬೀಳ್ಕೊಡುತ್ತಿದ್ದ ಗಡಿ ತಪಾಸಣೆಯ ಹಜಾರ. ಉಚಿತ ಪ್ರವೇಶದ ಆ ಚಿಕ್ಕ ಪ್ರದರ್ಶನ ದೊಡ್ಡ ವಸ್ತುಸಂಗ್ರಹಾಲಯಗಳಿಗಿಂತ ಹೆಚ್ಚು ತಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಲಡಿಯ ಹೆಸರುಗಳು

ಯಾವ ಕೇರಿಯಲ್ಲಿ ನಡೆದರೂ ಕಾಲುದಾರಿಯ ಕಲ್ಲುಗಳ ನಡುವೆ ನಾಜಿಗಳ ಹಿಂಸೆಗೆ ಬಲಿಯಾದವರ ನೆನಪಿಗೆ ಕೂಡಿಸಿದ, ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆಯ ಫಲಕಗಳು ಕಾಣಿಸುತ್ತವೆ. ನಿಂತು, ಬಗ್ಗಿ ಓದಬೇಕು. ‘ಇಲ್ಲಿ ವಾಸವಾಗಿದ್ದರು’ ಎಂಬ ಸಾಲಿನ ಕೆಳಗೆ ಒಂದು ಹೆಸರು, ಹುಟ್ಟಿದ ವರ್ಷ, ಗಡೀಪಾರು ಮಾಡಿದ ದಿನ, ಒಯ್ದ ಶಿಬಿರದ ಹೆಸರು, ಕೊಂದ ದಿನ ಇಷ್ಟೇ ಇರುತ್ತವೆ; ಒಂದೇ ಬಾಗಿಲಿನ ಮುಂದೆ ಐದಾರು ಫಲಕಗಳು ಒತ್ತೊತ್ತಾಗಿದ್ದರೆ ಒಂದೇ ಮನೆಯವರೆಂದು ಉಪನಾಮದಿಂದ ತಿಳಿಯುತ್ತದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಆರಂಭಿಸಿದ ಈ ಕೆಲಸ ಬರ್ಲಿನ್ನಿನಲ್ಲಿ 1996ರಲ್ಲಿ ಕ್ರಾಯ್ಟ್ಸ್‌ಬೆರ್ಗಿನಿಂದ ಮೊದಲಾಯಿತು, ಈಗ ಯೂರೋಪಿನ ಅನೇಕ ದೇಶಗಳಿಗೆ ಹಬ್ಬಿದೆ. ಕೆಲವು ಬೀದಿಗಳ ನಿವಾಸಿಗಳು ಇವುಗಳನ್ನು ಉಜ್ಜಿ ಹೊಳಪೇರಿಸಿ ಪಕ್ಕದಲ್ಲೊಂದು ಹೂವಿಡುವುದುಂಟು. ನೆಲೆಸಲು ಬಂದವರು ತಮ್ಮ ಬೀದಿಯ ಫಲಕಗಳನ್ನಾದರೂ ಓದಿ ತಿಳಿದುಕೊಳ್ಳಬೇಕು.

ಬ್ರಾಂಡೆನ್‌ಬುರ್ಗ್ ದ್ವಾರದ ಹತ್ತಿರದಲ್ಲಿ 2005ರಲ್ಲಿ ತೆರೆದ, 2,711 ಕಾಂಕ್ರೀಟ್ ದಿಮ್ಮಿಗಳ ಯೆಹೂದಿ ಸ್ಮಾರಕವಿದೆ. ಅಂಚಿನಲ್ಲಿ ಮೊಣಕಾಲೆತ್ತರ ಇರುವ ದಿಮ್ಮಿಗಳು ಒಳಗೆ ನಡೆದಂತೆ ತಲೆಯ ಮೇಲಕ್ಕೆ ಏರಿ ದಾರಿಯನ್ನು ಇಕ್ಕಟ್ಟಾಗಿಸುತ್ತವೆ. ಅವುಗಳ ಮೇಲೆ ಹತ್ತುವುದಾಗಲಿ, ಭಂಗಿ ಕೊಟ್ಟು ಚಿತ್ರ ತೆಗೆಸಿಕೊಳ್ಳುವುದಾಗಲಿ ಸಲ್ಲದು. ಕೆಳಗಿರುವ ಮಾಹಿತಿ ಕೇಂದ್ರಕ್ಕೂ ಇಳಿದರೆ ಮಾತ್ರ ಈ ಭೇಟಿ ಪೂರ್ಣವಾಗುತ್ತದೆ. ಇದಕ್ಕಿಂತ ಕಡಿಮೆ ಜನ ಹೋಗುವ ಒಂದು ಜಾಗ ಗ್ರೂನೆವಾಲ್ಡ್ ನಿಲ್ದಾಣದ 17ನೇ ಹಳಿ. 1941ರ ಅಕ್ಟೋಬರ್ 18ರಿಂದ ಬರ್ಲಿನ್ನಿನ ಯೆಹೂದಿಗಳನ್ನು ರೈಲುಗಳಲ್ಲಿ ತುಂಬಿ ಕಳಿಸಲಾಯಿತು. ಈ ಪ್ಲಾಟ್‌ಫಾರಂನ ಅಂಚಿನಲ್ಲಿ ಕೂಡಿಸಿರುವ 186 ಉಕ್ಕಿನ ಹಲಗೆಗಳಲ್ಲಿ ಪ್ರತಿಯೊಂದರ ಮೇಲೂ ಒಂದು ತಾರೀಖು, ಎಷ್ಟು ಜನ, ಎಲ್ಲಿಗೆ ಎಂಬಷ್ಟನ್ನು ಕೊರೆದಿದ್ದಾರೆ. ಇಂಥ ಸ್ಥಳಗಳನ್ನು ಒಂದೇ ದಿನದಲ್ಲಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಲೇಸು. ಮನಸ್ಸು ಮರಗಟ್ಟಿ ನೋಡಿದ್ದೂ ನೋಡದಂತಾಗುತ್ತದೆ.

ಸಂಸತ್ ಭವನವಾದ ರೈಶ್‌ಟಾಗಿನ ಗಾಜಿನ ಗುಮ್ಮಟ ಹತ್ತಲು ಹಣ ಕೊಡಬೇಕಿಲ್ಲ, ಆದರೆ ಹೆಸರು ಮತ್ತು ಜನ್ಮದಿನಾಂಕ ಕೊಟ್ಟು ಮುಂಚಿತವಾಗಿ ಆನ್‌ಲೈನಿನಲ್ಲಿ ನೋಂದಾಯಿಸಿಕೊಂಡು, ಹೋಗುವಾಗ ಪಾಸ್‌ಪೋರ್ಟ್ ಒಯ್ಯಬೇಕು. ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೆ ಜಾಗಗಳು ಬೇಗ ತುಂಬುತ್ತವೆ.

ಮ್ಯೂಸಿಯಂ ದ್ವೀಪದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪೆರ್ಗಮೋನ್ ಮ್ಯೂಸಿಯಂ 2023ರ ಅಕ್ಟೋಬರಿನಿಂದ ದುರಸ್ತಿಗಾಗಿ ಮುಚ್ಚಿದ್ದು, ಅದರ ಒಂದು ಭಾಗವನ್ನು 2027ರಲ್ಲಿ ತೆರೆಯುವ ಯೋಜನೆಯಿದೆ. ಅದನ್ನೇ ನೋಡಬೇಕೆಂದು ಬರುವವರು ಹೊರಡುವ ಮುನ್ನ ವಿಚಾರಿಸಿಕೊಳ್ಳಲಿ. ಪಕ್ಕದ ನಾಯೆಸ್ ಮ್ಯೂಸಿಯಂನಲ್ಲಿ ಈಜಿಪ್ಟಿನ ರಾಣಿ ನೆಫರ್ಟಿಟಿಯ ಪ್ರತಿಮೆ ಒಂಟಿ ಕೋಣೆಯಲ್ಲಿದೆ, ಆ ಕೋಣೆಯಲ್ಲಿ ಚಿತ್ರ ತೆಗೆಯುವಂತಿಲ್ಲ. ಆ ಕಟ್ಟಡವೇ ನೋಡತಕ್ಕದ್ದು: ಯುದ್ಧದಲ್ಲಿ ಬಾಂಬು ಬಿದ್ದು ದಶಕಗಳ ಕಾಲ ಪಾಳುಬಿದ್ದಿದ್ದುದನ್ನು ಗಾಯಗಳನ್ನು ಮರೆಮಾಡದೆ ದುರಸ್ತಿಮಾಡಿ 2009ರಲ್ಲಿ ತೆರೆದರು, ಹಳೆಯ ಬಣ್ಣದ ಗೋಡೆ ಎಲ್ಲಿ ನಿಂತಿತು, ಹೊಸ ಇಟ್ಟಿಗೆ ಎಲ್ಲಿ ಸೇರಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ.

ಬಯಲು, ಸರೋವರ, ಋತು

ಬರ್ಲಿನ್ನಿನ ಜನ ಬೇಸಿಗೆಯನ್ನು ಮನೆಯೊಳಗೆ ಕಳೆಯುವುದಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಸೂರ್ಯನಿರುತ್ತಾನೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಆದ್ದರಿಂದ ಆಯ್ಕೆಯಿರುವವರು ಮೇ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಬರಲಿ. ಚಳಿಗಾಲದಲ್ಲಿ ಬರುವವರು ಹೊರಗಿನ ನಡಿಗೆಯನ್ನು ಬೆಳಗಿನ ಹೊತ್ತಿಗೂ ಮ್ಯೂಸಿಯಂಗಳನ್ನು ಮಧ್ಯಾಹ್ನಕ್ಕೂ ಇಟ್ಟುಕೊಳ್ಳಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೂದು ಆಕಾಶ ನೆಲೆಸಿದವರ ಮನಸ್ಸನ್ನು ನಿಜವಾಗಿಯೂ ಕುಗ್ಗಿಸುತ್ತದೆ. ಹಗಲು ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆಯುವುದನ್ನು ನಿಯಮ ಮಾಡಿಕೊಳ್ಳಬೇಕು.

ಟೆಂಪೆಲ್‌ಹೋಫ್ ಮೈದಾನಕ್ಕೆ ಒಂದು ಸಂಜೆ ಕೊಡಿ. 1948ರಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ರಸ್ತೆ ಮತ್ತು ರೈಲುಗಳನ್ನು ತಡೆದಾಗ ವಿಮಾನಗಳು ಆಹಾರವನ್ನೂ ಕಲ್ಲಿದ್ದಲನ್ನೂ ತಂದಿಳಿಸಿದ್ದು ಇಲ್ಲಿ. 2008ರಲ್ಲಿ ವಿಮಾನ ನಿಲ್ದಾಣ ಮುಚ್ಚಿತು, 2010ರಲ್ಲಿ ಅದನ್ನು ಹಾಗೆಯೇ ಜನರಿಗೆ ಬಿಟ್ಟುಕೊಟ್ಟರು. ಅಂಚಿನಲ್ಲಿ ಮನೆಗಳನ್ನು ಕಟ್ಟುವ ಯೋಜನೆಯನ್ನು 2014ರ ಜನಮತಗಣನೆಯಲ್ಲಿ ನಿವಾಸಿಗಳು ತಿರಸ್ಕರಿಸಿದರು. ಇಂದು ರನ್‌ವೇಯ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ, ದೊಡ್ಡವರು ಗಾಳಿಪಟ ಹಾರಿಸುತ್ತಾರೆ. ಕತ್ತಲಾಗುವ ವೇಳೆಗೆ ದ್ವಾರಗಳನ್ನು ಮುಚ್ಚುವುದರಿಂದ ಹೊರಬರುವ ಸಮಯವನ್ನು ಫಲಕದಲ್ಲಿ ನೋಡಿಕೊಂಡೇ ಒಳಹೋಗಬೇಕು. ಸರೋವರ ಬೇಕೆನ್ನುವವರು ಎಸ್ 1 ರೈಲಿನಲ್ಲಿ ಶ್ಲಾಖ್ಟೆನ್‌ಜೇ ನಿಲ್ದಾಣಕ್ಕೆ ಹೋದರೆ ಎದುರಿಗೇ ನೀರು, ಸುತ್ತಲೂ ಕಾಡಿನ ಕಾಲುದಾರಿ. ಈಜು ಬಾರದವರೂ ಒಂದು ಸುತ್ತು ನಡೆದು ಬರಬಹುದು. ಕೆಲವು ದಡಗಳಲ್ಲಿ ಜನರು ಬಟ್ಟೆಯಿಲ್ಲದೆ ಈಜುವುದು ಅಲ್ಲಿಯ ಹಳೆಯ ವಾಡಿಕೆ. ದಿಟ್ಟಿಸದೆ, ಕ್ಯಾಮೆರಾ ಹೊರತೆಗೆಯದೆ ಮುಂದೆ ಸಾಗಿದರಾಯಿತು.

ದಿನನಿತ್ಯದ ನಡವಳಿಕೆ

ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಬೇಕಾದುದನ್ನು ಕೊಂಡಿಡಬೇಕು. ಮರೆತವರಿಗೆ ಮುಖ್ಯ ರೈಲು ನಿಲ್ದಾಣದ ಒಳಗಿನ ಅಂಗಡಿಗಳಿವೆ, ಕೇರಿಯಲ್ಲಿ ‘ಶ್ಪೇಟಿ’ ಎಂಬ, ತಡರಾತ್ರಿಯವರೆಗೆ ತೆರೆದಿರುವ ಪುಟ್ಟ ಅಂಗಡಿಗಳಿವೆ. ನೆರೆಹೊರೆಯ ನಿಜವಾದ ಸುದ್ದಿ ಸಿಗುವುದೂ ಆ ಶ್ಪೇಟಿಯ ಮುಂದಿನ ಬೆಂಚಿನಲ್ಲಿಯೇ. ಭಾನುವಾರ ಮಾವರ್‌ಪಾರ್ಕಿನ ಹಳೆ ಸಾಮಾನಿನ ಸಂತೆಗೂ, ಮಂಗಳವಾರ ಅಥವಾ ಶುಕ್ರವಾರ ಕಾಲುವೆಯ ದಂಡೆಯ ಮಾಯ್‌ಬಾಖ್‌ಊಫರ್‌ನಲ್ಲಿ ನಡೆಯುವ ತುರ್ಕಿ ಸಂತೆಗೂ ಹೋಗಬಹುದು. ತರಕಾರಿ, ಆಲಿವ್, ಬಟ್ಟೆಯ ಥಾನುಗಳಿಂದ ತುಂಬಿರುವ ಎರಡನೆಯದೇ ನನಗೆ ಹೆಚ್ಚು ಇಷ್ಟ. ಸಸ್ಯಾಹಾರಿಗಳಿಗೆ ಈ ನಗರದಲ್ಲಿ ತೊಂದರೆಯಿಲ್ಲ. ನಲ್ಲಿಯ ನೀರು ಕುಡಿಯಲು ಯೋಗ್ಯ. ಚಿಕ್ಕ ಹೋಟೆಲುಗಳಲ್ಲಿ ಕಾರ್ಡ್ ನಡೆಯದಿರಬಹುದಾದ್ದರಿಂದ ಸ್ವಲ್ಪ ನಗದು ಜೇಬಿನಲ್ಲಿರಲಿ. ಭಕ್ಷೀಸನ್ನು ಮೇಜಿನ ಮೇಲೆ ಬಿಟ್ಟು ಹೋಗುವ ಪದ್ಧತಿಯಿಲ್ಲ. ಬಿಲ್ಲಿನ ಮೊತ್ತಕ್ಕೆ ನೂರಕ್ಕೆ ಐದರಿಂದ ಹತ್ತರಷ್ಟು ಸೇರಿಸಿ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳಿ ಹಣ ಕೊಡಬೇಕು.

ಬಾಟಲಿ ಕೊಳ್ಳುವಾಗ ಅದರ ಮೇಲೆ ‘ಫಾಂಡ್’ ಎಂಬ ಠೇವಣಿಯನ್ನೂ ತೆತ್ತಿರುತ್ತೇವೆ; ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗೆ 25 ಸೆಂಟ್, ಸಾಮಾನ್ಯ ಬಿಯರ್ ಬಾಟಲಿಗೆ 8 ಸೆಂಟ್. ಸೂಪರ್ ಮಾರ್ಕೆಟ್ಟಿನ ಯಂತ್ರದ ಗುಂಡು ಬಾಯಿಗೆ ಬಾಟಲಿಯನ್ನು ತೂರಿದರೆ ಅದು ತಿರುಗಿಸಿ, ಗುರುತು ಓದಿ, ಒಳಗೆಳೆದುಕೊಂಡು ಕೊನೆಗೆ ಚೀಟಿಯೊಂದನ್ನು ಕೊಡುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಬಹುದು. ಹಿಂತಿರುಗಿಸುವ ವ್ಯವಧಾನವಿಲ್ಲದವರು ಬಾಟಲಿಯನ್ನು ಬೀದಿಯ ಕಸದ ಡಬ್ಬಿಯೊಳಗೆ ಹಾಕದೆ ಅದರ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಹೋಗುತ್ತಾರೆ. ಬಾಟಲಿ ಆಯ್ದು ಬದುಕುವವರು ಕಸದೊಳಗೆ ಕೈಹಾಕಬೇಕಾಗಬಾರದೆಂಬ ಕಾಳಜಿ ಅದು, ಹೊಸಬರೂ ಪಾಲಿಸತಕ್ಕದ್ದು.

ಕಾಲುದಾರಿಯ ಮೇಲೆಯೇ ಕೆಂಪು ಛಾಯೆಯ ಕಲ್ಲು ಹಾಸಿದ ಪಟ್ಟಿ ಕಂಡರೆ ಅದು ಸೈಕಲ್ಲಿನವರದು. ಅದರ ಮೇಲೆ ನಿಂತು ಚಿತ್ರ ತೆಗೆಯುವುದು ನಿಜಕ್ಕೂ ಅಪಾಯಕಾರಿ, ಏಕೆಂದರೆ ಅಲ್ಲಿ ಸೈಕಲ್ಲುಗಳು ವೇಗವಾಗಿ ಬರುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಹಾಗೂ ಭಾನುವಾರ ಇಡೀ ದಿನ, ಮನೆಯಲ್ಲಿ ಗೋಡೆ ಕೊರೆಯುವುದು, ಜೋರಾಗಿ ಹಾಡು ಹಾಕುವುದು ನಿಷಿದ್ಧ. ಅಂಗಡಿಯೊಳಗೆ ಕಾಲಿಟ್ಟಾಗ ಒಂದು ನಮಸ್ಕಾರ, ಹೊರಡುವಾಗ ಒಂದು ವಿದಾಯ ಇವೆರಡನ್ನು ಜರ್ಮನ್ನಿನಲ್ಲಿ ಹೇಳುವಷ್ಟು ಕಲಿತರೂ ಜನರ ವರ್ತನೆ ಬದಲಾಗುವುದನ್ನು ಕಾಣಬಹುದು. ಮಾತಿನ ಒರಟುತನ ಆ ಊರಿನ ರೀತಿ, ಅದನ್ನು ಅವಮಾನವೆಂದು ಎಣಿಸಬೇಕಾಗಿಲ್ಲ. ತುರ್ತಿಗೆ 112, ಪೊಲೀಸರಿಗೆ 110, ಪ್ರಾಣಾಪಾಯವಿಲ್ಲದ ಕಾಯಿಲೆಗೆ ರಾತ್ರಿಯ ಹೊತ್ತು ವೈದ್ಯರು ಬೇಕಾದರೆ 116117.

ನೆಲೆಸಲು ಬಂದವರಿಗೆ

ಮನೆ ಹುಡುಕುವುದೇ ಬರ್ಲಿನ್ನಿನಲ್ಲಿ ಅತ್ಯಂತ ಕಠಿಣ ಕೆಲಸ. ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿರುವುದು ಬರಿಯ ಬಾಡಿಗೆ, ‘ವಾರ್ಮ್’ ಎಂದಿರುವುದು ನೀರು, ಕಸ ಮೊದಲಾದ ವೆಚ್ಚಗಳನ್ನೂ ಸಾಮಾನ್ಯವಾಗಿ ಮನೆಯನ್ನು ಬೆಚ್ಚಗಿಡುವ ವೆಚ್ಚವನ್ನೂ ಸೇರಿಸಿದ್ದು. ವಿದ್ಯುತ್ ಮತ್ತು ಇಂಟರ್ನೆಟ್ ಬಹುತೇಕ ಬೇರೆಯೇ. ಠೇವಣಿ ಮೂರು ತಿಂಗಳ ಬರಿಯ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೆಂದರೆ ನೀರಿನ ಕೊಳವೆಯ ತುದಿ ಮಾತ್ರ. ಒಲೆ, ಕಪಾಟುಗಳನ್ನು ಹಿಂದಿನವರು ಬಿಚ್ಚಿ ಒಯ್ದಿರುತ್ತಾರೆ. ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ಹಣ ಕಳಿಸಬೇಡಿ. ಮಾಲೀಕರು ವಿದೇಶದಲ್ಲಿದ್ದಾರೆ, ಹಣ ಬಂದೊಡನೆ ಬೀಗದಕೈ ಅಂಚೆಯಲ್ಲಿ ಬರುತ್ತದೆ ಎನ್ನುವ ಸಂದೇಶಗಳೆಲ್ಲ ಮೋಸ.

ಬೀಗದಕೈ ಪಡೆದ ದಿನ ಮಾಡಬೇಕಾದ ಕೆಲಸ ಅಂಚೆಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ತಮ್ಮ ಉಪನಾಮವನ್ನು ಅಂಟಿಸುವುದು. ಅಲ್ಲಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಮನೆಯ ಸಂಖ್ಯೆ ಇರುವುದಿಲ್ಲ, ಕಟ್ಟಡದ ಸಂಖ್ಯೆ ಮಾತ್ರ. ಅಂಚೆಯವರು ಹೆಸರು ನೋಡಿಯೇ ಪತ್ರ ಹಾಕುತ್ತಾರೆ. ಬ್ಯಾಂಕಿನ ಗುಪ್ತಸಂಖ್ಯೆ, ತೆರಿಗೆ ಸಂಖ್ಯೆ, ವಿಮೆಯ ಕಾರ್ಡ್ ಎಲ್ಲವೂ ಅಂಚೆಯಲ್ಲಿಯೇ ಬರುವುದರಿಂದ ಹೆಸರಿಲ್ಲದ ಪೆಟ್ಟಿಗೆಯೊಂದು ಹಲವು ವಾರಗಳ ಕೆಲಸವನ್ನು ಕೆಡಿಸಬಲ್ಲದು. ಬೇರೊಬ್ಬರ ಜೊತೆ ಉಳಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದನ್ನೂ ಬರೆಸಿ.

ಮನೆ ಸೇರಿದ 14 ದಿನಗಳೊಳಗೆ ವಿಳಾಸ ನೋಂದಣಿ, ಅಂದರೆ ‘ಆನ್‌ಮೆಲ್ಡುಂಗ್’, ಕಡ್ಡಾಯ. ವಿದೇಶದಲ್ಲಿ ವಾಸವಿದ್ದು ಮೂರು ತಿಂಗಳೊಳಗೆ ಮರಳುವ ಪ್ರವಾಸಿಗರಿಗೆ ಇದು ಬೇಕಿಲ್ಲ. ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ಮುಂಗಡ ಸಮಯ ಪಡೆದು ಹೋಗಬೇಕು. ನಿಮ್ಮ ಜಿಲ್ಲೆಯ ಕಚೇರಿಯೇ ಆಗಬೇಕೆಂದಿಲ್ಲ, ನಗರದ ಯಾವ ಕಚೇರಿಯಾದರೂ ಸರಿ. ಆನ್‌ಲೈನಿನಲ್ಲಿ ಸಮಯ ಸಿಗದಿದ್ದರೆ ಬೆಳಿಗ್ಗೆ ಬೇಗ ಮತ್ತೆ ಮತ್ತೆ ನೋಡಬೇಕು, ಬೇರೆಯವರು ಬಿಟ್ಟುಕೊಟ್ಟ ಸಮಯಗಳು ಕಾಣಿಸಿಕೊಳ್ಳುತ್ತವೆ. 115ಕ್ಕೆ ದೂರವಾಣಿ ಕರೆ ಮಾಡಿಯೂ ಕೇಳಬಹುದು. ಪಾಸ್‌ಪೋರ್ಟ್, ತುಂಬಿದ ಅರ್ಜಿ ಇವುಗಳೊಂದಿಗೆ ‘ಈ ವ್ಯಕ್ತಿ ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ’ ಎಂದು ಮನೆ ಕೊಟ್ಟವರು ಸಹಿಮಾಡಿದ ದೃಢೀಕರಣ ಪತ್ರ ಇರಲೇಬೇಕು. ಬಾಡಿಗೆ ಕರಾರು ಅದಕ್ಕೆ ಬದಲಾಗುವುದಿಲ್ಲ, ಕರಾರು ಹಿಡಿದು ಹೋದವರನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಾರೆ. ಅರ್ಜಿಯಲ್ಲಿ ಧರ್ಮವನ್ನು ಕೇಳುವ ಅಂಕಣವನ್ನು ಯೋಚಿಸಿ ತುಂಬಬೇಕು. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಇಗರ್ಜಿಯ ಸದಸ್ಯರಿಂದ ಆದಾಯ ತೆರಿಗೆಯ ಶೇಕಡ 9ರಷ್ಟು ಇಗರ್ಜಿ ತೆರಿಗೆಯನ್ನು ಬರ್ಲಿನ್ನಿನಲ್ಲಿ ಸಂಬಳದಿಂದಲೇ ಹಿಡಿಯುತ್ತಾರೆ. ಕಚೇರಿಯ ಭಾಷೆ ಜರ್ಮನ್, ಆದ್ದರಿಂದ ಆ ಭಾಷೆ ಬಲ್ಲ ಸ್ನೇಹಿತರೊಬ್ಬರನ್ನು ಕರೆದೊಯ್ಯುವುದು ಜಾಣತನ. ನೋಂದಣಿಯಾದ ಕೆಲವು ವಾರಗಳಲ್ಲಿ ತೆರಿಗೆ ಸಂಖ್ಯೆ ಬರುತ್ತದೆ, ಅದರ ಹಿಂದೆಯೇ ಸಾರ್ವಜನಿಕ ಪ್ರಸಾರದ ಶುಲ್ಕದ ಪತ್ರವೂ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಆದರೆ ಅದು ತಲೆಗಿಷ್ಟಲ್ಲ, ಮನೆಗಿಷ್ಟು, ಹಾಗಾಗಿ ಜೊತೆಯಲ್ಲಿರುವವರು ಈಗಾಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆಯನ್ನು ತಿಳಿಸಿದರೆ ಸಾಕು.

ಭಾಷೆಯನ್ನು ಮೊದಲ ಆರು ತಿಂಗಳಲ್ಲೇ ಹಿಡಿಯಿರಿ. ಇಂಗ್ಲಿಷಿನಲ್ಲಿ ಕೆಲಸ ನಡೆದುಹೋಗುವ ನಗರವಾದ್ದರಿಂದಲೇ ಇಲ್ಲಿ ಕಲಿಕೆಯನ್ನು ಮುಂದೂಡುವುದು ಸುಲಭ, ಮುಂದೂಡಿದಷ್ಟೂ ನೆರೆಯವರಿಂದ ದೂರ ಉಳಿಯುತ್ತೇವೆ. 12 ಜಿಲ್ಲೆಗಳಲ್ಲಿಯೂ ‘ಫೋಲ್ಕ್ಸ್‌ಹೋಖ್‌ಶೂಲೆ’ ಎಂಬ ಸಾರ್ವಜನಿಕ ವಯಸ್ಕರ ಶಾಲೆಗಳಿವೆ, ಖಾಸಗಿ ತರಗತಿಗಳಿಗಿಂತ ಅಗ್ಗ, ಸಹಪಾಠಿಗಳು ಹತ್ತು ದೇಶದವರು. ತರಗತಿಗಳು ಬೇಗ ತುಂಬುವುದರಿಂದ ಪ್ರವೇಶ ತೆರೆದ ವಾರವೇ ಹೆಸರು ಕೊಡಬೇಕು.

ಊರು ಬಿಡುವ ದಿನ ಬಂದಾಗ ಬಂದಾಗಿನಷ್ಟೇ ಎಚ್ಚರ ಬೇಕು. ಮನೆಗೆ ಬಂದ ದಿನ ಗೋಡೆ, ನೆಲ, ಕಿಟಕಿಗಳ ಚಿತ್ರ ತೆಗೆದು ಹಸ್ತಾಂತರ ಪತ್ರಕ್ಕೆ ಎರಡೂ ಕಡೆಯ ಸಹಿ ಮಾಡಿಸಿಟ್ಟುಕೊಂಡಿದ್ದರೆ ಠೇವಣಿ ಮರಳಿ ಪಡೆಯುವಾಗ ವಾದಕ್ಕೆ ಎಡೆಯಿರುವುದಿಲ್ಲ. ದೇಶವನ್ನೇ ಬಿಡುವವರು ಹೊರಡುವ ಒಂದು ವಾರ ಮೊದಲಿನಿಂದ ಹೊರಟ ಎರಡು ವಾರದೊಳಗೆ ವಿಳಾಸ ನೋಂದಣಿಯನ್ನು ತೆಗೆಸಿ, ಅದರ ಪ್ರಮಾಣಪತ್ರವನ್ನು ಜೋಪಾನ ಮಾಡಬೇಕು. ಪ್ರಸಾರ ಶುಲ್ಕವನ್ನೂ ಆರೋಗ್ಯ ವಿಮೆಯನ್ನೂ ನಿಲ್ಲಿಸಲು ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ. ಬ್ಯಾಂಕ್ ಖಾತೆಯನ್ನು ಮಾತ್ರ ಠೇವಣಿಯ ಹಣ ಬಂದು ಸೇರುವವರೆಗೆ ಮುಚ್ಚಬೇಡಿ. ಮನೆಯ ವೆಚ್ಚದ ಕೊನೆಯ ಲೆಕ್ಕ ಮುಗಿಯುವವರೆಗೆ ಮಾಲೀಕರು ಅದರಲ್ಲೊಂದು ಪಾಲನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದುಂಟು.